ತೊಳೆಯದ ತುಂಡು

ಲ್ಯಾಬಿನಲ್ಲಿ ಅವಳಿಗೆ ಫಳಫಳ ಅಕ್ಕ ಎಂದೇ ಹೆಸರು. ಹೆರಿಗೆ ಕೋಣೆಯಲ್ಲಿ ಮಗುವಿನ ಹಿಂದೆಯೇ ಬೀಳುವ ಮಾಸನ್ನು ನಲ್ಲಿಯ ಕೆಳಗೆ ಹಿಡಿದು, ನೀರು ತಿಳಿಯಾಗುವವರೆಗೆ ತೊಳೆದು, ಆಮೇಲೆ ಹೋಳು ಮಾಡುವುದು ಅವಳ ಹನ್ನೊಂದು ವರ್ಷದ ಪದ್ಧತಿ. ಅವಳು ಮಾಡಿದ ಸ್ಲೈಡಿನಲ್ಲಿ ತಪ್ಪು ಹುಡುಕಲು ಬಂದವರು ಮುಖ ಸಪ್ಪೆ ಮಾಡಿಕೊಂಡು ವಾಪಸಾಗುತ್ತಿದ್ದರು.

ಹೊಸದಾಗಿ ಬಂದ ಡಾಕ್ಟರಮ್ಮ ಮಾತ್ರ ವಾಪಸಾಗಲಿಲ್ಲ. ಆಕೆ ಓದಿದ್ದೇ ಮಾಸಿನಲ್ಲಿರುವ ಕಾವಲು ಕಣಗಳ ಬಗ್ಗೆ. ಬಸಿರು ಚೆನ್ನಾಗಿದ್ದರೆ ತಾಯಿಯ ಈ ಕಣಗಳು ಮಗುವನ್ನು ಹೊರಗಿನದೆಂದು ಎಣಿಸದೆ, ಅದಕ್ಕೆ ರಕ್ತ ಹರಿಯಲು ದಾರಿಯನ್ನೂ ಮಾಡಿಕೊಡುತ್ತವಂತೆ. ಎಲ್ಲೋ ಒಬ್ಬೊಬ್ಬರಲ್ಲಿ ಅವೇ ತಿರುಗಿಬಿದ್ದು, ಮಾಸಿನೊಳಗೆ ತಾಯಿಯ ರಕ್ತ ತುಂಬಿ ನಿಲ್ಲುವ ಜಾಗದಲ್ಲಿ ಮುತ್ತಿಕೊಳ್ಳುತ್ತವಂತೆ. ಈ ಲ್ಯಾಬಿನಲ್ಲಿ ಅಂಥದ್ದು ಒಂದೂ ಸಿಕ್ಕಿಲ್ಲವಲ್ಲ, ಸ್ಲೈಡುಗಳಲ್ಲಿ ಆ ಜಾಗವೆಲ್ಲ ಖಾಲಿ ಹೊಡೆಯುತ್ತಿದೆಯಲ್ಲ ಎಂದು ಡಾಕ್ಟರಮ್ಮ ಕೇಳಿದಳು.

"ನಾನು ಚೆನ್ನಾಗಿ ತೊಳಿತೀನಲ್ಲ ಮೇಡಂ," ಎಂದಳು ಅಕ್ಕ, ಎದೆಯುಬ್ಬಿಸಿ.

ಡಾಕ್ಟರಮ್ಮ ನಲ್ಲಿಯ ಕಡೆ ನೋಡಿದಳು. ರಕ್ತದ ಜೊತೆ ಆ ಕಣಗಳೂ ತೊಳೆದುಹೋಗುತ್ತವೆಂದು ಅಕ್ಕನಿಗೆ ಆಗ ಹೊಳೆಯಿತು. ನೋಡಬೇಕಾದದ್ದನ್ನೇ ಅವಳು ಇಷ್ಟು ವರ್ಷ ಚರಂಡಿಗೆ ಬಿಟ್ಟಿದ್ದಳು.

ಎರಡು ವರ್ಷದ ಹಿಂದೆ ಅವಳ ಸ್ವಂತ ತಂಗಿಯ ಮಗು ಏಳನೇ ತಿಂಗಳಲ್ಲಿ ಹೊಟ್ಟೆಯೊಳಗೇ ತೀರಿಕೊಂಡಿತ್ತು. ಒಡಹುಟ್ಟಿದವಳದ್ದೆಂದು ಆ ಮಾಸನ್ನು ಅಕ್ಕ ಇನ್ನೆರಡು ಸಲ ಜಾಸ್ತಿಯೇ ತೊಳೆದಿದ್ದಳು. ಮಾಸಿನಲ್ಲಿ ದೋಷವಿಲ್ಲ ಎಂದು ವರದಿ ಬಂತು. ಹಾಗಿದ್ದರೆ ದೋಷ ತನ್ನದೇ ಎಂದು ತಂಗಿ ತೀರ್ಮಾನಿಸಿದಳು. ಮಗು ಹೋಗುವ ಮುಂಚಿನ ವಾರ ಅವಳು ನಡುಮನೆಯ ಕಬ್ಬಿಣದ ಬೀರುವನ್ನು ಗೋಡೆಗೆ ಸರಿಸಲೆಂದು ಎಳೆದಿದ್ದಳು. ಬೀರು ಇವತ್ತಿಗೂ ಅರ್ಧ ದಾರಿಯಲ್ಲೇ ನಿಂತಿದೆ, ಮನೆಯವರೆಲ್ಲ ಅಡ್ಡಡ್ಡವಾಗಿ ನುಸುಳಿಕೊಂಡು ಓಡಾಡುತ್ತಾರೆ. ಈಗ ಅವಳಿಗೆ ಮತ್ತೆ ನಾಲ್ಕು ತಿಂಗಳು. ಒಂದು ಚೊಂಬು ನೀರು ಎತ್ತಲೂ ಹೆದರುತ್ತಾಳೆ.

ಅಕ್ಕ ಅಳುತ್ತ ಕೂರುವ ಪೈಕಿ ಅಲ್ಲ. ಹೆರಿಗೆ ಕೋಣೆಯ ನರ್ಸು ಪ್ರತಿ ಮಾಸಿನಿಂದಲೂ ಹೆಬ್ಬೆರಳಷ್ಟು ತುಂಡನ್ನು ತೊಳೆಯದೆ, ಆಗಲೇ ಕೆಡದಂತಿಡುವ ದ್ರಾವಣದ ಬಾಟಲಿಗೆ ಹಾಕಿ ಕಳಿಸುವುದು ಅವಳಿಗೆ ನೆನಪಾಯಿತು. ತೊಳೆದ ಹೋಳುಗಳೇ ಅಷ್ಟು ಚೆನ್ನಾಗಿರುವಾಗ ಆ ಬಾಟಲಿಗಳನ್ನು ಯಾರೂ ಮೂಸಿಯೂ ನೋಡಿರಲಿಲ್ಲ. ಉಗ್ರಾಣದ ಮೂರನೇ ಹಲಗೆಯಲ್ಲಿ ತಂಗಿಯದ್ದು ಸಿಕ್ಕಿತು.

ಮರುದಿನ ಸ್ಲೈಡು ಸಿದ್ಧವಾಯಿತು. ಮೈಕ್ರೋಸ್ಕೋಪಿನಲ್ಲಿ ಕಾವಲು ಕಣಗಳು ಕಿಕ್ಕಿರಿದು ನಿಂತಿದ್ದವು. ಇದು ಮರುಕಳಿಸಬಹುದು, ಆದರೆ ಈಗಲೇ ಗೊತ್ತಾದದ್ದು ದೊಡ್ಡ ಪುಣ್ಯ, ಇವತ್ತೇ ಔಷಧಿ ಶುರುಮಾಡಿ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳೋಣ ಎಂದಳು ಡಾಕ್ಟರಮ್ಮ. ತಪ್ಪು ತನ್ನದು, ಉಳಿದ ತಾಯಂದಿರ ಬಾಟಲಿಗಳನ್ನೂ ತಾನೇ ತೆಗೆದು ಪರೀಕ್ಷೆಗೆ ಕೊಡುತ್ತೇನೆ ಎಂದು ಅಕ್ಕ ಎಲ್ಲರೆದುರು ಹೇಳಿ, ನೇರ ತಂಗಿಯ ಮನೆಗೆ ನಡೆದಳು.

ಬೀರುವಿನ ಪಕ್ಕದಲ್ಲೇ ನಿಂತು ಎಲ್ಲವನ್ನೂ ಬಿಡಿಸಿ ಹೇಳಿದಳು. "ನೀನು ಏನೂ ಮಾಡಿಲ್ಲ ಕಣೇ. ಕಾರಣ ಮಾಸಿನಲ್ಲೇ ಇತ್ತು. ಅದನ್ನ ತೊಳೆದು ಹಾಕಿದವಳು ನಾನು."

ತಂಗಿ ಬೀರುವಿನ ಮೇಲೆ ಕೈಯಿಟ್ಟಳು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಬೀರು ಎಳೆದದ್ದಕ್ಕೆ ಅಲ್ವಾ?"

"ಅಲ್ಲ."

"ಹಾಗಾದ್ರೆ ಅದನ್ನ ಗೋಡೆಗೆ ಸರಿಸು ಅಕ್ಕ," ಎಂದಳು ತಂಗಿ. "ಹಿಂದಿನ ಧೂಳನ್ನ ಮಾತ್ರ ಚೆನ್ನಾಗಿ ತೊಳಿ."

ಅಕ್ಕ ಸೆರಗು ಸಿಕ್ಕಿಸಿಕೊಂಡು ಬೀರುವಿಗೆ ಹೆಗಲು ಕೊಟ್ಟಳು.