ಲೋರ್ನಾ ಬರದೆ ಹೋದ ಮೇಲೆ

ರೊಸಾಲ್ಬಾ ಇಬಾರಾ ಓದುತ್ತಿದ್ದ ಕಮ್ಯುನಿಟಿ ಕಾಲೇಜಿನಲ್ಲಿ ತರಗತಿ ಮುಗಿದ ಮೇಲೆ ಯಾರೂ ನಿಲ್ಲುತ್ತಿರಲಿಲ್ಲ. ಎಲ್ಲರಿಗೂ ಒಂದು ಕೆಲಸ, ಮನೆಯಲ್ಲಿ ಮಕ್ಕಳು. ಕಾರು ಹತ್ತಿ ಮರ್ಸೆಡ್ ಊರಿನ ದಟ್ಟ ಮಂಜಿನೊಳಗೆ ಮಾಯವಾಗುತ್ತಿದ್ದರು. ಅವಳೂ ಅಷ್ಟೆ. ಬೆಳಗ್ಗೆ ಬಾದಾಮಿ ಪ್ಯಾಕಿಂಗ್ ಶೆಡ್ಡು, ಮಧ್ಯಾಹ್ನ ಜೀವಶಾಸ್ತ್ರ, ರಾತ್ರಿ ಅಣ್ಣನ ಮನೆಯ ಸೋಫಾ. ಇಲ್ಲಿ ಎರಡು ವರ್ಷ ಮುಗಿಸಿ ಡೇವಿಸ್ ವಿಶ್ವವಿದ್ಯಾಲಯ ಸೇರಬೇಕೆಂಬುದು ಅವಳ ಆಸೆ. ಅಣ್ಣ ರಾಮಿರೋಗೆ ಹೆಮ್ಮೆಯಿತ್ತು, ಆದರೆ ಜೀವಕೋಶದ ಮಾತು ತೆಗೆದರೆ ಹೂಂ ಹೂಂ ಎನ್ನುತ್ತಾ ಬೇರೆಲ್ಲೋ ಇರುತ್ತಿದ್ದ.

ಮಾತಿಗೆ ಸಿಗುತ್ತಿದ್ದವಳು ಲೋರ್ನಾ ಪ್ರೂಟ್ ಒಬ್ಬಳೇ. ಐವತ್ತು ದಾಟಿದ, ಹೆದ್ದಾರಿಯ ಪಕ್ಕದ ಹೋಟೆಲಿನಲ್ಲಿ ಬಡಿಸುವ ಹೆಂಗಸು. ಲ್ಯಾಬಿನಲ್ಲಿ ಇಬ್ಬರಿಗೂ ಒಂದೇ ಮೇಜು. ಹಣ್ಣಿನ ನೊಣಗಳನ್ನು ಮಂಜುಗಡ್ಡೆಯ ಮೇಲಿಟ್ಟು ಮಂಪರು ಬರಿಸಿ, ಕೆಂಗಣ್ಣಿನವು ಬಿಳಿಗಣ್ಣಿನವು ಎಂದು ಕುಂಚದಿಂದ ಬೇರ್ಪಡಿಸಬೇಕು.

"ಇದು ನನ್ನ ಮೊದಲನೇ ಗಂಡನ ಥರಾನೇ ಇದೆ ನೋಡು, ಎಚ್ಚರ ಆಗೋದೇ ಇಲ್ಲ," ಎನ್ನುತ್ತಿದ್ದಳು ಲೋರ್ನಾ. ವಾರದಲ್ಲಿ ರೊಸಾಲ್ಬಾ ನಗುತ್ತಿದ್ದದ್ದು ಆ ಮೇಜಿನ ಬಳಿ ಮಾತ್ರ.

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ರಜೆ ಕಳೆದ ಮೇಲೆ ಲೋರ್ನಾ ಬರಲಿಲ್ಲ. ಮರುವಾರವೂ ಇಲ್ಲ. ಕೋರ್ಸ್ ಬಿಟ್ಟಿದ್ದಾಳೆ ಎಂದು ಮೇಷ್ಟರು ಹೇಳಿದರು. ನೊಣಗಳ ಕೆಲಸವನ್ನು ರೊಸಾಲ್ಬಾ ಒಬ್ಬಳೇ ಮುಗಿಸಿದಳು. ಆಮೇಲೆ ತಡೆಯಲಾರದೆ ಹೋಟೆಲಿಗೆ ಹೋದಳು.

ಲೋರ್ನಾ ಕೇಳದೆಯೇ ಕಾಫಿ ತಂದಿಟ್ಟಳು. ಮಗಳು ತನ್ನಿಬ್ಬರು ಮಕ್ಕಳನ್ನು ಅಮ್ಮನ ಮಡಿಲಿಗೆ ಹಾಕಿ ಹೋದಳೆಂದೂ ಮಧ್ಯಾಹ್ನ ಅವರನ್ನು ನೋಡಿಕೊಳ್ಳಲು ಬೇರಾರೂ ಇಲ್ಲವೆಂದೂ ಹೇಳಿದಳು.

"ಕರ್ಕೊಂಡೇ ಬನ್ನಿ. ಲೈಬ್ರರೀಲಿ ಕೂರಿಸಿ ಸರದಿ ಮೇಲೆ ನೋಡ್ಕೊಳ್ಳೋಣ," ಎಂದಳು ರೊಸಾಲ್ಬಾ.

"ನೀನು ಡೇವಿಸ್‌ಗೆ ಹೋಗೋಳು ಕಣೆ. ಆಮೇಲೆ ನಿನ್ನ ಸರದೀನೂ ನಾನೇ ಮಾಡ್ಬೇಕು." ಲೋರ್ನಾ ಮೇಜು ಒರೆಸುತ್ತಲೇ ಇದ್ದಳು. "ಒಂದ್ ಮಾತು ಹೇಳ್ಲಾ? ಆ ಜೀವಶಾಸ್ತ್ರದ ಪರೀಕ್ಷೆ ಬರೀಬೇಕು ಅಂತ ನಂಗೆ ತುಂಬಾ ಇತ್ತು."



ಏಪ್ರಿಲ್‌ನಲ್ಲಿ ಡೇವಿಸ್‌ನಲ್ಲಿ ಸೀಟು ಸಿಕ್ಕಿತು. ಅತ್ತಿಗೆ ಮೆಕ್ಕೆಜೋಳದ ಹಿಟ್ಟಿನ ಕಡುಬು, ತಮಾಲೆ, ಬೇಯಿಸಿದಳು. ಅಣ್ಣ ಎಷ್ಟು ದೂರ ಎಂದಷ್ಟೇ ಕೇಳಿದ. ರೊಸಾಲ್ಬಾ ಸುದ್ದಿ ಹೇಳಲು ಹೋಟೆಲಿಗೆ ಓಡಿದಳು. ಲೋರ್ನಾ ಮಕ್ಕಳೊಡನೆ ನೆವಾಡಾದ ತಂಗಿಯ ಮನೆಗೆ ಹೋಗಿ ತಿಂಗಳಾಗಿತ್ತು. ಅವಳ ಫೋನ್ ನಂಬರು ಹೋಟೆಲಿನಲ್ಲಿ ಯಾರ ಬಳಿಯೂ ಇರಲಿಲ್ಲ. ಕೇಳಿಟ್ಟುಕೊಳ್ಳಬೇಕೆಂದು ರೊಸಾಲ್ಬಾಗೂ ಹೊಳೆದಿರಲಿಲ್ಲ. ಸೇಬಿನ ಪೈ ತರಿಸಿ ಅರ್ಧ ತಿಂದು ಎದ್ದಳು.

ಡೇವಿಸ್‌ನ ಮೊದಲ ಲ್ಯಾಬಿನಲ್ಲಿ ಪಕ್ಕ ಕುಳಿತ ಹುಡುಗಿ ಒಳ್ಳೆಯವಳೇ. ಸೂಕ್ಷ್ಮದರ್ಶಕ ಸರಿಸಿಕೊಟ್ಟಳು, ಹೆಸರು ಕೇಳಿದಳು, ಮುಗಿದೊಡನೆ ಗೆಳತಿಯರ ಗುಂಪು ಸೇರಿ ಹೊರಟಳು. ಅವರೆಲ್ಲ ಮೊದಲ ವರ್ಷದಿಂದ ಒಟ್ಟಿಗಿದ್ದವರು.

ರೊಸಾಲ್ಬಾ ಕೋಣೆಗೆ ಬಂದು ಅಣ್ಣನಿಗೆ ಫೋನ್ ಮಾಡಿದಳು. ಊಟ ಆಯ್ತಾ ಎಂದ. ಆಯ್ತು ಎಂದಳು, ಆಗಿರಲಿಲ್ಲ. ಅವನು ಫೋನ್ ಕಟ್ ಮಾಡಲು ಮರೆತು ಎಲ್ಲೋ ಇಟ್ಟ. ಅತ್ತಿಗೆ ಯಾರನ್ನೋ ಬಯ್ಯುವುದು, ಪಾತ್ರೆಗಳ ಸದ್ದು, ನಾಯಿ. ರೊಸಾಲ್ಬಾ ಉಸಿರು ಬಿಗಿಹಿಡಿದು ಕೇಳುತ್ತಾ ಕೂತಳು.