ಉದ್ದ ಸ್ಕ್ರೂ

ಬೆವರು ಹುಬ್ಬು ದಾಟಿ ಕಣ್ಣಿಗೆ ಇಳಿಯುತ್ತಿದೆ, ಒರೆಸಿಕೊಳ್ಳೋಣವೆಂದರೆ ಎರಡೂ ಕೈ ಮೇಲಿವೆ, ಫ್ಯಾನಿನ ಬುಡವನ್ನು ವ್ಯಾನಿನ ಚಾವಣಿಗೆ ಒತ್ತಿ ಹಿಡಿದು ಹಾಸಿಗೆಯ ಮೇಲೆ ಮಂಡಿಯೂರಿದ್ದೇನೆ, ಅಣ್ಣನ ಕಂಕುಳು ನನ್ನ ಮೂಗಿನ ಪಕ್ಕ, ಮರದ ಹೊಟ್ಟು, ವಾರ್ನಿಶ್, ಬೀಡಿ — ಅಲ್ಲಾಡಿಸ್ಬೇಡ್ವೇ, ಗಟ್ಟಿಯಾಗಿ ಹಿಡ್ಕೊ. ಹಿಡ್ದಿದೀನಿ ಕಣೋ, ನನ್ನನ್ನ ಮನೆಯಿಂದ ಆಚೆ ಹಾಕೋ ಕೆಲ್ಸಕ್ಕೆ ನಾನೇ ಕೈಯಾಳು. ಆಚೆ ಹಾಕ್ತಿದೀವಾ, ಹಿತ್ತಲಲ್ಲೇ ಇರ್ತೀಯಲ್ಲ, ಕೂಗಿದ್ರೆ ಕೇಳ್ಸುತ್ತೆ. ಪ್ರವಾಸಿಗರಿಗೆ ಬಾಡಿಗೆಗೆ ಬಿಡುತ್ತೇನೆಂದು ಇವನು ಕುಣಿದು ತಂದ ಗಾಡಿ, ಒಳಗೇ ಹಾಸಿಗೆ, ಒಲೆ, ಅಂಗೈಯಗಲ ಸಿಂಕು, ಒಂದು ನರಪಿಳ್ಳೆಯೂ ಬರಲಿಲ್ಲ, ಈಗ ಸಿಕ್ಕಿದ ಪ್ರವಾಸಿ ನಾನು. ಬೀದಿಗೆ ಕಿಟಕಿಯಿರುವ ನನ್ನ ರೂಮು ಅತ್ತಿಗೆಯ ಬ್ಯೂಟಿ ಪಾರ್ಲರಿಗೆ ಬೇಕಂತೆ, ತಿರುಗುವ ಕುರ್ಚಿ ಆಗಲೇ ಬಂದು ಜಗಲಿಯಲ್ಲಿ ಪ್ಲಾಸ್ಟಿಕ್ ಹೊದ್ದು ಮದುಮಗಳ ಹಾಗೆ ಕೂತಿದೆ, ಅದರ ಮೇಲೆ ಯಾರೂ ಕೂರಬಾರದು, ಕೊಳೆಯಾಗುತ್ತೆ. ಆ ರೂಮಿನಲ್ಲೇ ಅಮ್ಮ ಮಲಗಿದ್ದಲ್ಲೇ ಸವೆದದ್ದು, ನಾನು ಬೆನ್ನು ಒರೆಸುವಾಗ ಇವನು ಹೊಸಿಲಲ್ಲಿ ನಿಂತು ಹೆಂಗಿದೀಯಮ್ಮಾ ಅನ್ನುವನು, ಉತ್ತರಕ್ಕೆ ಕಾಯದೆ ಚಪ್ಪಲಿ ಹಾಕಿಕೊಳ್ಳುವನು — ಹನ್ನೆರಡು ವೋಲ್ಟು ಕಣೇ, ಮನೆ ಕರೆಂಟಲ್ಲ, ಗಾಡಿ ಬ್ಯಾಟರಿದು, ಆ ಕೆಂಪು ವೈರು ಮುಟ್ಟಿದ್ರೂ ಶಾಕ್ ಹೊಡೆಯಲ್ಲ. ಅದೇ ಬೇಜಾರು ನನಗೆ, ವೈರು ಹಿಡಿದಿರುವವನು ಅವನು.

ಅಯ್ಯೋ, ನಮ್ಮ ರೂಮಲ್ಲೂ ಇಂಥ ಫ್ಯಾನಿಲ್ಲಪ್ಪ, ಪುಣ್ಯವಂತೆ — ಬಾಗಿಲಲ್ಲಿ ಅತ್ತಿಗೆ, ಮೆಟ್ಟಿಲು ಮಾತ್ರ ಹತ್ತುವುದಿಲ್ಲ. ಹಾಗಾದ್ರೆ ನೀವೇ ಬಂದ್ಬಿಡಿ ಅತ್ತಿಗೆ, ನಾನು ಕುರ್ಚಿ ಕಾಯ್ತೀನಿ. ಹೋದಳು, ಚಪ್ಪಲಿಯ ಸದ್ದಿನಲ್ಲೇ ಬೈದುಕೊಂಡು. ಅಣ್ಣ ಕೇಳಿಸದವನ ಹಾಗೆ ಮೊದಲನೇ ಸ್ಕ್ರೂ ತಿರುಗಿಸುತ್ತಿದ್ದಾನೆ, ಅವನ ಬಡಗಿ ಡಬ್ಬಿಯದು, ನನ್ನ ತೋರುಬೆರಳಿನಷ್ಟು ಉದ್ದ. ಫ್ಯಾನಿನ ಜೊತೆ ಬಂದ ಗಿಡ್ಡ ಸ್ಕ್ರೂಗಳ ಪೊಟ್ಟಣ ಒಲೆಯ ಪಕ್ಕ ಬಿದ್ದಿದೆ — ಇವೇನು ಗೊಂಬೆ ಮನೆಗಾ, ಉದ್ದ ಇದ್ದಷ್ಟೂ ಹಿಡಿತ, ಮಂಚ ಮಾಡಿದ ಕೈ ಇದು. ಮಂಚವಲ್ಲ ಮಾರಾಯ, ಮನಸ್ಸಲ್ಲೇ ಅಂದುಕೊಂಡೆ, ಪಕ್ಕದ ಗಾಳಿಕಿಂಡಿಯ ಅಂಚು ನೋಡು, ತೆಳು ಹಲಗೆ, ಥರ್ಮೋಕೋಲು, ತಗಡು, ಎಲ್ಲ ಸೇರಿ ಹೆಬ್ಬೆರಳಿನ ಅಗಲವಿಲ್ಲ — ಕರಕರ, ಕರಕರ, ಆಮೇಲೆ ಟಿಕ್, ಸ್ಕ್ರೂ ಒಮ್ಮೆಲೇ ಹಗುರಾಗಿ ತಿರುಗಿತು, ತಗಡು ಹರಿಯಿತು, ನನ್ನ ಬೆರಳಿಗೆ ಗೊತ್ತಾಯಿತು, ಅವನಿಗಿಲ್ಲ. ನೋಡು, ಹೆಂಗೆ ಕಚ್ಕೊಂತು. ಹೇಳಬಹುದು. ಅಣ್ಣಾ, ಮೇಲೆ ತೂತಾಗ್ತಿದೆ, ಮಳೆ ಬಂದ್ರೆ ಸೋರುತ್ತೆ. ಅಷ್ಟು ಅಂದರೆ ಸಾಕು, ಈ ಚಾವಣಿ ನನ್ನದಾಯಿತು, ನೋಡು ಅವಳಾಗಲೇ ಮನೆ ಚೊಕ್ಕ ಮಾಡ್ಕೊತಿದಾಳೆ ಅಂತ ಅತ್ತಿಗೆಯ ಎದುರು ನಗುತ್ತಾನೆ. ಹೇಳದಿದ್ದರೆ ನೀರು ನನ್ನ ಮುಖದ ಮೇಲೇ. ಎರಡನೆಯದು, ಟಿಕ್. ತೋಳು ಮರಗಟ್ಟಿದೆ. ಮೂರು. ಸೋರಲಿ, ಚೆನ್ನಾಗಿ ಸೋರಲಿ, ಮೊದಲ ಮಳೆಗೇ ಒದ್ದೆ ಹಾಸಿಗೆ ಸುತ್ತಿಕೊಂಡು ಹೋಗಿ ಆ ತಿರುಗುವ ಕುರ್ಚಿಯ ಪಕ್ಕ ಹಾಸುತ್ತೇನೆ, ಬಂದ ಹೆಂಗಸರೆಲ್ಲ ದಾಟಿಕೊಂಡು ಹೋಗಲಿ, ಇದ್ಯಾರ್ರೀ ಅನ್ನಲಿ, ಯಜಮಾನರ ತಂಗಿ ಅನ್ನುತ್ತೇನೆ. ನಾಲ್ಕು.

ಬಿಡು ಕೈ. ಬಿಟ್ಟೆ, ಬೀಳದೆ ನಿಂತಿತು. ರೆಕ್ಕೆ ಸಿಕ್ಕಿಸಿದ, ಸ್ವಿಚ್ಚು ಒತ್ತಿದ, ಗಾಳಿ ನೇರ ಮುಖಕ್ಕೆ, ಬೆವರು ಆರುತ್ತಿದೆ, ಥೂ, ಹಿತವಾಗಿದೆ. ಹೆಂಗಿದೆ? ಚೆನ್ನಾಗಿದೆ. ಮಳೆ ಬಂದ ದಿನ ಸೋರ್ತಿದೆ ಅಣ್ಣಾ ಅಂದರೆ ಏನನ್ನುತ್ತಾನೆ, ಒಳಗೆ ಬಾ ಅನ್ನುತ್ತಾನಾ — ಬಕೆಟ್ ಇಡು ಅನ್ನುತ್ತಾನೆ. ಬಕೆಟ್ಟೇ. ಇಷ್ಟು ಹೊತ್ತು ಹೊಳೆಯಲೇ ಇಲ್ಲವಲ್ಲ. ಗಿಡ್ಡ ಸ್ಕ್ರೂಗಳ ಪೊಟ್ಟಣ ಕೈಗೆ ಸಿಗುವಷ್ಟು ದೂರದಲ್ಲೇ ಇದೆ, ಅವನು ಡಬ್ಬಿ ಮುಚ್ಚುತ್ತಿದ್ದಾನೆ, ಈಗ ಹೇಳಿದರೂ, ಈಗಲಾದರೂ — ಮೇಲೆ, ಬಿಸಿಲಿಗೆ ಕಾದ ಬಿಳಿ ತಗಡಿನ ಮೇಲೆ, ನಾಲ್ಕು ಮೊನೆ.