ಒಂದೇ ಸಂಖ್ಯೆಯ ಇಬ್ಬರು

ಪರದೆಯ ಮೇಲಿನ ಚಿತ್ರದಲ್ಲಿ ಗಂಡಸೊಬ್ಬ ನಿಂತಿದ್ದಾನೆ, ಬಿಳಿಯ ರುಮಾಲು, ಎಣ್ಣೆ ಹಚ್ಚಿ ತಿದ್ದಿದ ಮೀಸೆ, ಹಿಂದೆ ಸ್ಟುಡಿಯೋದವರು ಇಳಿಬಿಟ್ಟ ಬಟ್ಟೆಯಲ್ಲೊಂದು ನೀಲಿ ಜಲಪಾತ, ಎಷ್ಟೋ ವರ್ಷದಿಂದ ಬೀಳುತ್ತಿದ್ದರೂ ನೆಲ ಮುಟ್ಟದ ನೀರು, ಅವನ ಎಡಭುಜದ ಮೇಲೆ ಯಾರದೋ ನಾಲ್ಕು ಬೆರಳು, ಮಣಿಕಟ್ಟಿನಲ್ಲಿ ಹಸಿರು ಬಳೆಯ ಒಂದು ಅರ್ಧ, ಅಲ್ಲಿಗೆ ಚಿತ್ರದ ಅಂಚು; ಬೆರಳುಗಳ ಒಡತಿಯನ್ನು ಕತ್ತರಿ ಹೊರಗಿಟ್ಟಿದೆ. ಕೆಳಗೆ ಸಾಲು ಸಾಲಾಗಿ ಖಾತೆಯ ವಿವರ, ಹೆಸರು ಪಕ್ಕೀರಪ್ಪ, ಊರು ಹಿರೇಹಡಗಲಿ, ಸ್ಥಿತಿ ಸಕ್ರಿಯ, ಗುಣ ಓ ನೆಗೆಟಿವ್ — ಗುಣ ಎಂಬ ಹೆಸರು ನಾನಿಟ್ಟದ್ದು, ಸುಕನ್ಯಾ ಈ ರಕ್ತದಾನಿಗಳ ಜಾಲತಾಣ ಕಟ್ಟುವಾಗ, ಸರ, ಎಲ್ಲಾ ಖಾತೆಗೂ ಇರೋ ವಿವರ ಬ್ಯಾರೆ, ನಮಗ ಅಂತ ನಾವು ಸೇರಿಸಿಕೊಳ್ಳೋ ವಿವರ ಬ್ಯಾರೆ, ಅದಕ್ಕೊಂದು ಹೆಸರು ಕೊಡ್ರಿ ಅಂದಿದ್ದಳು, ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಇನ್ನೇನು ಹೊಳೆಯಬೇಕು, ಗುಣವೆಂದರೆ ಸ್ವಭಾವವೂ ಹೌದು, ಕಾಯಿಲೆ ಬಿಟ್ಟು ಹೋಗುವುದೂ ಹೌದು, ಒಂದು ಪದ ಎರಡು ಅರ್ಥವನ್ನು ಹೆಗಲಿಗೇರಿಸಿಕೊಂಡು ನಡೆಯುವುದನ್ನು ನೋಡುವ ಚಪಲ ನನಗೆ ಈ ಎಪ್ಪತ್ತೊಂದರಲ್ಲೂ ಹೋಗಿಲ್ಲ.

ಚಿತ್ರದ ಮನುಷ್ಯ ಈಗ ನನ್ನೆದುರೇ ಕುಳಿತಿದ್ದಾನೆ, ಕೊಟ್ಟೂರಿನ ಈ ಒಂದು ಕೋಣೆಯ ಕಚೇರಿಯಲ್ಲಿ, ಪಕ್ಕದ ಬೆಂಚಿನ ಮೇಲೆ ಅವನ ಹೆಂಡತಿ ನಾಗಲಿಂಗಮ್ಮ, ಸಂತೆಯ ಚೀಲ ಮಡಿಲಲ್ಲಿ. ಬಾಗಿಲಲ್ಲಿ ಕಾರಿನ ಕೀ ತಿರುಗಿಸುತ್ತ ಪಾಲಣ್ಣ, ಅವನ ತಂಗಿ ದುರ್ಗಾ ಹರಪನಹಳ್ಳಿಯ ಆಸ್ಪತ್ರೆಯಲ್ಲಿ ಬೆಳಿಗ್ಗೆ ಹಡೆದಿದ್ದಾಳೆ, ರಕ್ತ ನಿಲ್ಲುತ್ತಿಲ್ಲ, ಓ ನೆಗೆಟಿವ್ ಅಲ್ಲಿ ಒಂದೇ ಚೀಲ ಇತ್ತು, ಅದೂ ಏರಿಸಿ ಆಯಿತು. ಐದು ತಾಲ್ಲೂಕಿನ ಪಟ್ಟಿ ಜಾಲಾಡಿದರೆ ಸಿಕ್ಕಿದ್ದು ಈ ಒಂದೇ ಹೆಸರು. ಸುಕನ್ಯಾ ಮೂಲೆಯಲ್ಲಿ ಫೋನು ಹಿಡಿದು ಹ್ಞೂಂ ಡಾಕ್ಟರ್, ಹೊಂಟರು, ಇನ್ನ ಮುಕ್ಕಾಲು ತಾಸು ಅನ್ನುತ್ತಾಳೆ, ಪಕ್ಕೀರಪ್ಪ ಮೀಸೆಯ ಮೇಲೆ ಬೆರಳಾಡಿಸಿ ಎದ್ದು ನಿಲ್ಲುತ್ತಾನೆ, ನಂದು ಭಾಳ ಅಪರೂಪದ ರಕ್ತಂತ ನೋಡ್ರಿ ಮಾಸ್ತರ, ನನಗ ಸೂಜಿ ಅಂದ್ರ ಜೀವ ಹೋಕ್ಕೈತಿ, ಮೊನ್ನಿ ನಮ್ಮೂರ ಕ್ಯಾಂಪಿನ್ಯಾಗ ಹೆಸರು ಬರಸಿ ಫೋಟೋ ಕೊಟ್ಟಿದ್ದೆ, ಬೆರಳು ಚುಚ್ಚಾಕ ಬಂದ್ರ ಓಡಿಹೋಗಿದ್ದೆ, ಹಂಗಿದ್ರೂ ಕಂಪ್ಯೂಟರಿಗೆ ಗೊತ್ತಾಗೇತಿ ನೋಡ್ರಿ.

ಓಡಿಹೋಗಿದ್ದ. ಚುಚ್ಚಿಸಿಕೊಂಡೇ ಇಲ್ಲ. ಹಾಗಾದರೆ ಆ ಗುಣ ಎಲ್ಲಿಂದ ಬಂತು — ಕೈ ತಾನಾಗಿ ಶಿಬಿರದ ದಪ್ಪ ರಿಜಿಸ್ಟರಿಗೆ ಹೋಗುತ್ತದೆ, ಹಾಳೆಗೆ ಹಾಳೆ ಅಂಟಿಕೊಂಡಿದೆ, ಹಿರೇಹಡಗಲಿ, ನನ್ನದೇ ಅಕ್ಷರ, ನಾಗಲಿಂಗಮ್ಮ, ಓ ನೆಗೆಟಿವ್, ಮುಂದೆ ಹತ್ತು ಅಂಕಿಯ ಸಂಖ್ಯೆ, ಪರದೆಯ ಮೇಲೂ ಅದೇ ಸಂಖ್ಯೆ, ಮನೆಗೊಂದೇ ಫೋನು. ನೆನಪಾಗುತ್ತದೆ, ನೆನಪಾಗದಿದ್ದರೆ ಒಳ್ಳೆಯದಿತ್ತು, ಆ ಮಧ್ಯಾಹ್ನ ಸುಕನ್ಯಾ ಇರಲಿಲ್ಲ, ಅವಳು ಕಲಿಸಿದ ಹಾಗೆ ಎಪಿಐ ಎಂಬ ಆ ಕಿಂಡಿಯಿಂದ ಜಾಲತಾಣದ ಸರ್ವರ್ ಯಂತ್ರಕ್ಕೆ ಒಂದೊಂದೇ ಆಜ್ಞೆ ಕಳಿಸುತ್ತಿದ್ದೆ, ಹೊಸ ಖಾತೆ ಸೃಷ್ಟಿಸು, ಗುಣ ಸೇರಿಸು, ಒಳಗಿನಿಂದ ಸರಿ ಎಂಬ ಉತ್ತರ, ಸರಿ, ಸರಿ, ಕುರ್ಚಿಯಲ್ಲಿ ಕುಳಿತೇ ಜಗತ್ತು ತಿದ್ದಿದಂಥ ಹಮ್ಮು, ನಾಗಲಿಂಗಮ್ಮನ ಸರದಿಗೆ ಮಾತ್ರ ಈ ಸಂಖ್ಯೆಯ ಖಾತೆ ಈಗಾಗಲೇ ಇದೆ ಎಂದು ಕಿಂಡಿ ಮುಚ್ಚಿತು, ಇದ್ದರೆ ಇರಲಿ, ಸೃಷ್ಟಿಸು ಎಂಬಲ್ಲಿ ತಿದ್ದು ಎಂದು ಬರೆದೆ, ಮತ್ತೆ ಕಳಿಸಿದೆ, ಸರಿ ಎಂದಿತು. ಯಾರ ಖಾತೆ ಎಂದು ನೋಡಲಿಲ್ಲ. ಹೆಂಡತಿಯ ರಕ್ತ ಗಂಡನ ಹೆಸರಿನ ಕೆಳಗೆ ಹೋಗಿ ಕೂತಿತು. ಒಂದು ಪದ ಎರಡು ಅರ್ಥ ಹೊರುತ್ತದೆ ಎಂದು ಬೀಗಿದವನೇ, ಒಂದು ಸಂಖ್ಯೆ ಇಬ್ಬರನ್ನು ಹೊರಲಾರದು ಎಂದು ನಿನಗೇಕೆ ಹೊಳೆಯಲಿಲ್ಲ?

ಸುಮ್ಮನಿದ್ದುಬಿಡಬಹುದು, ಹೇಗೂ ಅಲ್ಲಿ ಪರೀಕ್ಷೆ ಮಾಡಿಯೇ ತೆಗೆದುಕೊಳ್ಳುತ್ತಾರೆ, ಯಂತ್ರ ತಪ್ಪಿತು ಅನ್ನುತ್ತಾರೆ, ನನ್ನ ಹೆಸರು ಬರುವುದಿಲ್ಲ, ಪಟ್ಟಿ ನನ್ನ ಕೈಯಲ್ಲೇ ಉಳಿಯುತ್ತದೆ, ಈ ಪಟ್ಟಿ ಹೋದರೆ ನನ್ನ ಹಗಲುಗಳಿಗೆ ಇನ್ನೇನಿದೆ — ಮುಕ್ಕಾಲು ತಾಸು ಹೋಗಲು, ಗೊತ್ತಾಗಲು ಇನ್ನಷ್ಟು, ನಾಗಲಿಂಗಮ್ಮನನ್ನು ಕರೆದೊಯ್ಯಲು ಮತ್ತೆ ಅಷ್ಟು, ಹಾಸಿಗೆಯ ಮೇಲೆ ಒಬ್ಬಳು ಹನಿಹನಿಯಾಗಿ ಕಡಿಮೆಯಾಗುತ್ತಿದ್ದಾಳೆ. ತಡೀರಿ ಪಕ್ಕೀರಪ್ಪ, ಎನ್ನುವ ಧ್ವನಿ ನನ್ನದೇ, ರಕ್ತ ನಿಮ್ಮದಲ್ಲ, ನಿಮ್ಮ ಮನಿಯವರದು, ತಪ್ಪು ನಂದು. ಸುಕನ್ಯಾ ಫೋನನ್ನು ಎದೆಗೊತ್ತಿಕೊಳ್ಳುತ್ತಾಳೆ, ಸರ, ಹೊಸದು ಮಾಡೋ ಬದಲಿ ಇದ್ದದ್ದನ್ನ ತಿದ್ದಿಬಿಟ್ರಾ, ಇನ್ನ ಎಷ್ಟು ಮಂದೀದು ಹಿಂಗಾಗೇತ್ರಿ, ಎಷ್ಟು, ನನಗೆ ಗೊತ್ತಿಲ್ಲ. ಪಕ್ಕೀರಪ್ಪನ ಮೀಸೆ ಇಳಿದಿದೆ, ಅಂದ್ರ ನಂದು ಸಾದಾ ರಕ್ತೇನ್ರಿ ಮಾಸ್ತರ? ಪಾಲಣ್ಣ ಬಾಗಿಲಿನ ಚೌಕಟ್ಟಿಗೆ ಗುದ್ದುತ್ತಾನೆ, ಯಾರರೆ ಒಬ್ರು ಬರ್ರಿ, ನಿಮ್ಮ ಕಾಲಿಗೆ ಬೀಳ್ತೀನಿ, ನನ್ನ ತಂಗಿ ಒಬ್ಬಾಕೀನ ಅದಾಳ ಅಲ್ಲಿ.

ಪಕ್ಕೀರಪ್ಪ ಹೆಂಡತಿಯ ಕಡೆ ನೋಡದೆ ಗೋಡೆಗೆ ಹೇಳುತ್ತಾನೆ, ಆಕೀನ್ನ ಕಳಸಾಕ ಆಗಂಗಿಲ್ರಿ, ಸಂಜಿಕ ಎಮ್ಮಿ ಹಿಂಡೋರು ಯಾರು? ನೀ ಹಿಂಡು, ಅನ್ನುತ್ತಾಳೆ ನಾಗಲಿಂಗಮ್ಮ, ಈ ಕೋಣೆಯಲ್ಲಿ ಅವಳ ಮೊದಲ ಮಾತು, ಎಮ್ಮಿಗೇನು ಸೂಜಿ ಇರಂಗಿಲ್ಲ. ಪಾಲಣ್ಣ ಆ ಅವಸರದಲ್ಲೂ ನಕ್ಕುಬಿಡುತ್ತಾನೆ, ನಕ್ಕಿದ್ದಕ್ಕೆ ಕಣ್ಣೊರೆಸಿಕೊಳ್ಳುತ್ತಾನೆ. ನಾನು ಗಂಡನ ಖಾತೆಯಿಂದ ಗುಣವನ್ನು ಅಳಿಸುತ್ತೇನೆ, ಅವಳಿಗೊಂದು ಹೊಸ ಖಾತೆ ತೆರೆಯುತ್ತೇನೆ, ಒಂದು ನಿಮಿಷ ಕೂಡ್ರಮ್ಮ, ದಾನಿಯ ಚೀಟಿ ಬರಲಿ, ಹೆಸರು, ಊರು, ಮುಂದೆ ಸಂಖ್ಯೆ ಎಂಬ ಮನೆ, ನಿಮ್ಮದೊಂದು ನಂಬರು ಹೇಳ್ರಿ, ನಂದು ಅನ್ನೋದು ಎಲ್ಲೈತ್ರಿ, ಮನ್ಯಾಗ ಇರೋದು ಅದೊಂದ, ಅನ್ನುತ್ತಾಳೆ, ಮತ್ತೆ ಅದನ್ನೇ ಬರೆಯುತ್ತೇನೆ, ಬುದ್ಧಿ ಕೈಕೊಟ್ಟವನ ಹಾಗೆ, ಈ ಸಂಖ್ಯೆಯ ಖಾತೆ ಈಗಾಗಲೇ ಇದೆ, ಕಳಿಸುತ್ತೇನೆ, ಈಗಾಗಲೇ ಇದೆ, ಸುಕನ್ಯಾ ಸರ ಬಿಡ್ರಿ, ನಾ ಡಾಕ್ಟರಿಗೆ ಬಾಯಿಲೇ ಹೇಳ್ತೀನಿ ಅನ್ನುತ್ತಿದ್ದಾಳೆ, ಈಗಾಗಲೇ ಇದೆ, ಇವಳು ಕಣ್ಣೆದುರು ಉಸಿರಾಡುತ್ತಿದ್ದಾಳೆ, ಆದರೂ ಇವಳಿಗೆ ಜಾಗವಿಲ್ಲ, ನಾಗಲಿಂಗಮ್ಮ ಸಂತೆಯ ಚೀಲವನ್ನು ಗಂಡನ ಕೈಗಿಟ್ಟಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ನನ್ನ ಹೆಸರು ನೀವು ನಿಧಾನಕ ಬರಕೊಳ್ರಿ ಮಾಸ್ತರ, ಆ ಹುಡುಗಿಗೆ ಹೊತ್ತಿಲ್ಲ, ಪಾಲಣ್ಣ ಆಗಲೇ ಓಡಿದ್ದ, ಅವಳು ಹೊಸ್ತಿಲು ದಾಟಿದಳು, ತಿರುಗಿ ನೋಡಲಿಲ್ಲ, ಬಾಗಿಲು ಅವಳ ಬೆನ್ನ ಹಿಂದೆ ಮುಚ್ಚಿಕೊಂಡಿತು —